ಹಿಮದ ನಾಡಿನ ಹಿತ್ತಲಲ್ಲಿ ಏಷ್ಯನ್ ಪೇರ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಕೊರಿಯನ್ ಅಂಗಡಿಗಳಲ್ಲಿ ಒಂದೊಂದಕ್ಕೂ ಬಿಳಿ ಫೋಮ್ ಜಾಲರಿ ತೊಡಿಸಿಟ್ಟಿರುವ ದುಂಡನೆಯ ಹಣ್ಣು ನೋಡಿರುತ್ತೀರಿ. ಆಕಾರ ಸೇಬಿನದು, ಜಾತಿ ಮರಸೇಬಿನದು, ಕಚ್ಚಿದರೆ ಎಳೆ ಸೌತೆಯಷ್ಟು ಗರಿಗರಿ. ಅದನ್ನು ಅಮೆರಿಕ, ಕೆನಡಾದ ಹಿತ್ತಲಲ್ಲಿ ಬೆಳೆಸಹೊರಟ ಕನ್ನಡಿಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಕೊನೆಯದೊಂದು ಪ್ರಶ್ನೆ ಬೆಂಗಳೂರಿನದು. ಉತ್ತರ ಕರ್ನಾಟಕದ ಓದುಗರಿಗೆ ಮೊದಲೇ ಒಂದು ಮಾತು: ಇದು ಪೇರ್, ಪೇರಲ ಅಲ್ಲ.

ಪ್ರಶ್ನೆ: ಮೂರು ವರ್ಷದ ಹಿಂದೆ ನೆಟ್ಟ ಹೊಸುಯಿ ತಳಿಯ ಏಷ್ಯನ್ ಪೇರ್ ಗಿಡ ಈ ಚಳಿಗಾಲದಲ್ಲಿ ಒಣಗಿತು. ಮೇ ತಿಂಗಳಲ್ಲಿ ಬುಡದಿಂದ ನಾಲ್ಕೈದು ಚಿಗುರು ಜೋರಾಗಿ ಬಂದಿವೆ, ಆದರೆ ಮುಳ್ಳಿವೆ, ಎಲೆಯೂ ಚಿಕ್ಕದು. ಗಿಡ ಬದುಕಿತು ಅಂತ ಖುಷಿಪಡಬಹುದೇ? ನಮ್ಮ ಹುಲ್ಲುಹಾಸಿಗೆ ಸೆಪ್ಟೆಂಬರಿನಲ್ಲಿ ಗೊಬ್ಬರ ಹಾಕಿಸುತ್ತೇವೆ, ಅದೇನಾದರೂ ಕಾರಣವೇ? (ಶಿಕಾಗೊ ಬಳಿಯಿಂದ)

ಬದುಕಿರುವುದು ನಿಮ್ಮ ಹೊಸುಯಿ ಅಲ್ಲ, ಅದರ ಕೆಳಗಿದ್ದ ಬೇರುಸಸಿ, ಅಂದರೆ ಹೊಸುಯಿಯನ್ನು ಕಸಿ ಕಟ್ಟಿದ ಬುಡದ ಗಿಡ. ಕಾಂಡದ ಬುಡದಲ್ಲಿ, ನೆಲದಿಂದ ಒಂದು ಗೇಣಿನೊಳಗೆ, ಮೊಣಕೈ ಬಾಗಿದಂತೆ ಒಂದು ಗಂಟು ಇರುತ್ತದೆ. ಕಸಿ ಕೂಡಿದ ಜಾಗ ಅದು. ಗಂಟಿನ ಮೇಲೆ ಉಗುರಿನಿಂದ ತೊಗಟೆ ಕೆರೆದು ನೋಡಿ: ಹಸಿರು ಕಂಡರೆ ಜೀವವಿದೆ, ಕಾಫಿಪುಡಿ ಬಣ್ಣ ಕಂಡರೆ ಇಲ್ಲ. ಗಂಟಿನ ಕೆಳಗಿಂದ ಬಂದ ಚಿಗುರಿಗೆ ಮುಳ್ಳು, ಚಿಕ್ಕ ಹೊಳಪಿನ ಎಲೆ ಇದ್ದರೆ ಅದು ಬಹುಮಟ್ಟಿಗೆ ಕ್ಯಾಲರಿ ಪೇರ್ ಎಂಬ ಬೇರೊಂದು ಪೇರ್ ಜಾತಿ. ಬಿಟ್ಟರೆ ಗೋಲಿ ಗಾತ್ರದ ಕಾಯಿ ಬಿಡುತ್ತದೆ, ಹಕ್ಕಿಗಳು ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ. ಒಹಾಯೊ 2023ರಲ್ಲಿ, ಪೆನ್ಸಿಲ್ವೇನಿಯಾ ಮತ್ತು ಸೌತ್ ಕ್ಯಾರೊಲಿನಾ 2024ರಲ್ಲಿ ಇದರ ಮಾರಾಟವನ್ನೇ ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಬೇರು ಬದುಕಿ ಮೇಲಿನ ಮರ ಸತ್ತಿದೆ ಎಂದರೆ ನೆಲದ ಚಳಿ ಕೊಂದಿಲ್ಲ. ನಿಮ್ಮ ಅನುಮಾನ ಸರಿಯಾದ ಕಡೆಗೇ ಹೋಗಿದೆ. ಪೇರ್ ಮರ ಆಗಸ್ಟಿನಲ್ಲಿ ಬೆಳವಣಿಗೆ ನಿಲ್ಲಿಸಿ, ತುದಿಮೊಗ್ಗು ಕಟ್ಟಿ, ಕಟ್ಟಿಗೆಯನ್ನು ಬಲಿಸಿಕೊಳ್ಳಬೇಕು. ಹುಲ್ಲಿಗೆ ಹಾಕಿದ ಸಾರಜನಕ ಬೇರಿಗೂ ಸಿಗುತ್ತದೆ. ಗಿಡ ಎಳೆ ಚಿಗುರಿನಲ್ಲೇ ನವೆಂಬರಿಗೆ ಕಾಲಿಡುತ್ತದೆ. ಅಂಥ ಗಿಡಕ್ಕೆ ಮೈನಸ್ 30 ಸೆಲ್ಸಿಯಸ್ ಬೇಕಿಲ್ಲ, ನವೆಂಬರಿನಲ್ಲಿ ಒಮ್ಮೆಗೇ ಮೈನಸ್ 15 ಬಂದರೆ ಸಾಕು.

ಇನ್ನೊಂದು ಜಾಗ ಪರೀಕ್ಷಿಸಿ: ಕಾಂಡದ ನೈಋತ್ಯ ಮುಖ. ಫೆಬ್ರವರಿಯ ಬಿಸಿಲಿಗೆ ಆ ಬದಿಯ ತೊಗಟೆ ಬೆಚ್ಚಗಾಗಿ ಎಚ್ಚರಗೊಳ್ಳುತ್ತದೆ, ಸೂರ್ಯ ಮುಳುಗಿದ ಕೂಡಲೇ ಹೆಪ್ಪುಗಟ್ಟುತ್ತದೆ. ಅಲ್ಲಿ ಉದ್ದಕ್ಕೆ ಸೀಳು ಅಥವಾ ಒಳಗೆ ಕುಸಿದ ಕಂದು ಪಟ್ಟಿ ಕಂಡರೆ ಬಿಸಿಲಿನ ಗಾಯವೂ ಸೇರಿಕೊಂಡಿದೆ. ತಡೆಯುವ ಉಪಾಯ ಅಗ್ಗದ್ದು. ಮನೆಯೊಳಗೆ ಬಳಿಯುವ ಬಿಳಿ ಲೇಟೆಕ್ಸ್ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ, ನೆಲದಿಂದ ಮೊದಲ ಕೊಂಬೆಯವರೆಗೆ ನವೆಂಬರಿಗೆ ಮುಂಚೆ ಬಳಿಯಿರಿ. ಎಣ್ಣೆ ಆಧಾರದ ಪೇಂಟ್ ಬೇಡ, ತೊಗಟೆ ಸುಡುತ್ತದೆ.

ಮುಂದೇನು? ಚಿಗುರುಗಳಲ್ಲಿ ನೆಟ್ಟಗಿರುವ ಒಂದನ್ನು ಉಳಿಸಿ ಉಳಿದವನ್ನು ಬುಡಕ್ಕೇ ತೆಗೆದು, ಮುಂದಿನ ಏಪ್ರಿಲಿನಲ್ಲಿ ಅದಕ್ಕೆ ಹೊಸ ತಳಿ ಕಸಿ ಕಟ್ಟಬಹುದು. ನಮ್ಮನ್ನು ಕೇಳಿದರೆ ಬೇಡ. ಕ್ಯಾಲರಿ ಬೇರು ಬೆಚ್ಚಗಿನ ಸೀಮೆಗೇ ಸರಿ. ಹಿಮದ ಹೊದಿಕೆ ಇಲ್ಲದೆ ನೆಲ ಆಳಕ್ಕೆ ಹೆಪ್ಪುಗಟ್ಟಿದ ವರ್ಷ ಅದೂ ಹೋಗುತ್ತದೆ. ಅಗೆದು ತೆಗೆದು, ಒಎಚ್‌ಎಫ್ 97 ಅಥವಾ ಒಎಚ್‌ಎಫ್ 87 ಬೇರುಸಸಿಯ ಮೇಲೆ ಕಸಿ ಮಾಡಿದ ಗಿಡ ತನ್ನಿ. ಎರಡೂ ಚಳಿ ತಾಳುತ್ತವೆ, ಫೈರ್ ಬ್ಲೈಟ್ ರೋಗವನ್ನೂ ತಡೆಯುತ್ತವೆ. ಚೀಟಿಯಲ್ಲಿ ಬೇರುಸಸಿಯ ಹೆಸರೇ ಇಲ್ಲದ ಗಿಡವನ್ನು, ಎಷ್ಟೇ ಅಗ್ಗವಾದರೂ, ಅಲ್ಲೇ ಬಿಟ್ಟು ಬನ್ನಿ.

ನೆಡುವಾಗ ಕಸಿಗಂಟು ನೆಲಮಟ್ಟದಿಂದ ಮೂರು ಬೆರಳಗಲವಾದರೂ ಮೇಲಿರಲಿ. ಗುಂಡಿಗೆ ಗೊಬ್ಬರ ಹಾಕದೆ, ತೆಗೆದ ಮಣ್ಣನ್ನೇ ಮರಳಿ ತುಂಬಿ. ಬುಡದ ಸುತ್ತ ಒಂದು ಮೀಟರ್ ಹುಲ್ಲು ಕಿತ್ತು ನಾಲ್ಕು ಅಂಗುಲ ಮರದ ಚಕ್ಕೆ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಜುಲೈ ಕಳೆದ ಮೇಲೆ ಆ ಮರದಿಂದ ಎರಡು ಮೀಟರ್ ದೂರಕ್ಕೆ ಹುಲ್ಲುಗೊಬ್ಬರ ಬೀಳಬಾರದು. ಗುತ್ತಿಗೆಯವರು ಹಾಕುವುದಾದರೆ ಅವರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಮಿನಿಯಾಪೊಲಿಸ್‌ನಲ್ಲಿ ಇದು ಆಗುವ ಮಾತೇ? ಯಾವ ತಳಿ ಹಾಕಲಿ?

2023ರಲ್ಲಿ ಅಮೆರಿಕದ ಕೃಷಿ ಇಲಾಖೆ (ಯುಎಸ್‌ಡಿಎ) ಚಳಿ ವಲಯಗಳ ಹೊಸ ನಕ್ಷೆ ಹೊರಡಿಸಿದ ಮೇಲೆ ನಿಮ್ಮೂರು 5ನೇ ವಲಯಕ್ಕೆ (ಅಂಕಿ ದೊಡ್ಡದಾದಷ್ಟು ಚಳಿ ಕಡಿಮೆ) ಬಡ್ತಿ ಪಡೆಯಿತು. ನಕ್ಷೆ ನಂಬಿ ಹಣ ಹಾಕಬೇಡಿ. ಅದು ಪ್ರತಿ ವರ್ಷದ ಅತಿ ಚಳಿಯ ರಾತ್ರಿಗಳ ಸರಾಸರಿ, ಮರ ಸಾಯುವುದು ಸರಾಸರಿಗಲ್ಲ. 2019ರ ಜನವರಿ 30ರಂದು ಅಲ್ಲಿ ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್ ಆಗಿತ್ತು. ಅದೇ ದಿನ ಶಿಕಾಗೊದಲ್ಲಿ ಮೈನಸ್ 23 ಫ್ಯಾರನ್‌ಹೀಟ್.

ಅಂಗಡಿಯ ಹಣ್ಣುಗಳೆಲ್ಲ ಹೆಚ್ಚಾಗಿ ಪೈರಸ್ ಪೈರಿಫೋಲಿಯಾ ಜಾತಿಯವು. ಅವಕ್ಕೆ ನಿಮ್ಮೂರು ಜೂಜು. ಆಡಲೇಬೇಕೆಂದರೆ ಚೋಜುರೊ, ಶಿನ್ಸೇಕಿ ಇವುಗಳಲ್ಲಿ ಒಂದನ್ನು ಗಾಳಿ ಮರೆಯಲ್ಲಿ ಹಾಕಿ. ಕೊರಿಯನ್ ಜೈಂಟ್ ಚಳಿ ತಾಳಿದರೂ ಹಣ್ಣಾಗುವುದು ಅಕ್ಟೋಬರಿನಲ್ಲಿ. ನಿಮ್ಮ ಬೇಸಿಗೆ ಅಷ್ಟು ಉದ್ದವಿಲ್ಲ.

ಖಚಿತವಾದ ದಾರಿ ಬೇರೆ ಇದೆ. ಈಶಾನ್ಯ ಚೀನಾ ಮತ್ತು ರಷ್ಯಾದ ಪೂರ್ವ ತುದಿಯ ಪೈರಸ್ ಉಸ್ಸುರಿಯೆನ್ಸಿಸ್ ಪೇರ್ ಜಾತಿಯಲ್ಲೇ ಅತಿ ಗಟ್ಟಿಗ. ಅದರ ಹಣ್ಣು ಒಗರು, ಕಲ್ಲುಕಲ್ಲು, ತಿನ್ನಲಾಗದು. ಆದರೆ ಬೇರುಸಸಿಯಾಗಿ, ಪರಾಗ ಕೊಡುವ ಮರವಾಗಿ ಚಿನ್ನ. ತಿನ್ನಲು ಮಿನ್ನೆಸೋಟ ವಿಶ್ವವಿದ್ಯಾಲಯದ ಸಮ್ಮರ್‌ಕ್ರಿಸ್ಪ್ ಹಾಕಿ. ಅದು ಉದ್ದ ಆಕಾರದ ಹಣ್ಣು, ತಿನ್ನುವ ರೀತಿ ಮಾತ್ರ ಏಷ್ಯನ್ ಪೇರಿನದು: ಆಗಸ್ಟ್ ಮಧ್ಯದಲ್ಲಿ ಇನ್ನೂ ಹಸಿರಿದ್ದು, ಒಂದು ಕೆನ್ನೆ ಕೆಂಪಾದಾಗಲೇ ಕೊಯ್ದು ಗರಿಗರಿಯಾಗಿ ತಿನ್ನಬೇಕು. ಹಳದಿಯಾಗಲಿ ಎಂದು ಮರದಲ್ಲೇ ಬಿಟ್ಟರೆ ಹೊರಗೆ ಚೆಂದ, ಒಳಗೆ ಕಂದು ಕೊಳೆ.

ಮೊಲ ಮತ್ತು ಹೊಲದ ಇಲಿಗೆ ಕಾಲಂಗುಲ ಕಣ್ಣಿನ ತಂತಿಜಾಲರಿಯನ್ನು ಎರಡು ಅಂಗುಲ ನೆಲದೊಳಗಿಟ್ಟು ಸುತ್ತಿ. ಎತ್ತರವನ್ನು ನೆಲದಿಂದ ಅಳೆಯಬೇಡಿ, ಹಿಮದ ಮೇಲಿಂದ ಅಳೆಯಿರಿ. ಎರಡಡಿ ಹಿಮ ಬಿದ್ದ ದಿನ ಮೊಲ ಎರಡಡಿ ಮೇಲೆ ನಿಂತು ಮೇಯುತ್ತದೆ.

ಪ್ರಶ್ನೆ: ಆರು ವರ್ಷದ ಕೊರಿಯನ್ ಜೈಂಟ್. ಪ್ರತಿ ಏಪ್ರಿಲ್ ಮರವೆಲ್ಲ ಹೂ. ಎರಡು ವರ್ಷದ ಹಿಂದಿನವರೆಗೂ ಒಂದಿಷ್ಟು ಕಾಯಿ ಬರುತ್ತಿತ್ತು, ಈಗ ಒಂದೂ ಇಲ್ಲ. ಪಕ್ಕದ ಮನೆಯವರು ಬೀದಿಬದಿಯ ಬ್ರಾಡ್‌ಫರ್ಡ್ ಮರ ಕಡಿಸಿದ್ದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಮನೆಯಲ್ಲಿ ವಾದ. (ನ್ಯೂಜೆರ್ಸಿಯಿಂದ)

ಸಂಬಂಧ ಇದೆ ಎಂದವರು ಗೆದ್ದರು. ಪೇರ್ ಹೂವು ತನ್ನದೇ ತಳಿಯ ಪರಾಗವನ್ನು ಒಪ್ಪುವುದಿಲ್ಲ. ಬ್ರಾಡ್‌ಫರ್ಡ್ ಎಂಬುದು ಕ್ಯಾಲರಿ ಪೇರಿನದೇ ಅಲಂಕಾರದ ತಳಿ. ವಸಂತದಲ್ಲಿ ಬೀದಿಗೆ ಕೊಳೆತ ಮೀನಿನ ವಾಸನೆ ಹಬ್ಬಿಸುವ ಆ ಬಿಳಿಹೂವಿನ ಮರವೇ ನಿಮ್ಮ ಮರಕ್ಕೆ ಇಷ್ಟು ವರ್ಷ ಪುಕ್ಕಟೆ ಪರಾಗ ಕೊಡುತ್ತಿತ್ತು.

ಐವತ್ತು ಅಡಿಯೊಳಗೆ ಶಿನ್ಕೊ ಅಥವಾ ಚೋಜುರೊ ನೆಡಿ. ನೀತಾಕ ಬೇಡ, ಅದರ ಪರಾಗಕ್ಕೆ ಜೀವವೇ ಇಲ್ಲ. ಜಾಗವಿಲ್ಲದಿದ್ದರೆ ಈಗಿರುವ ಮರದ ಒಂದು ಕೊಂಬೆಗೇ ಶಿನ್ಕೊ ಕಸಿ ಕಟ್ಟಿಸಿ. ಎರಡು ಮೂರು ವರ್ಷದಲ್ಲಿ ಆ ಕೊಂಬೆ ಹೂ ಬಿಡುತ್ತದೆ. ಅಲ್ಲಿಯವರೆಗೆ ಪರಿಚಿತರ ಮರದಿಂದ ಅರಳುತ್ತಿರುವ ರೆಂಬೆ ತಂದು, ನೀರಿನ ಬಕೆಟ್ಟಿನಲ್ಲಿಟ್ಟು ಮರದ ನಡುವೆ ತೂಗುಹಾಕಿ. ಪೇರ್ ಹೂವಿನ ಮಕರಂದದಲ್ಲಿ ಸಕ್ಕರೆ ಕಡಿಮೆ. ಪಕ್ಕದಲ್ಲಿ ಡ್ಯಾಂಡೆಲಿಯನ್ ಅರಳಿದ್ದರೆ ಜೇನ್ನೊಣ ಅತ್ತಲೇ ಹೋಗುತ್ತದೆ, ಹಾಗಾಗಿ ಹೂ ಬಿಡುವ ವಾರ ಹುಲ್ಲು ಕತ್ತರಿಸಿಡಿ.

ಜಪಾನಿನ ತೊತ್ತೊರಿ ಪ್ರಾಂತ್ಯ ನಿಜಿಸ್ಸೇಕಿ ಪೇರಿಗೆ ಹೆಸರುವಾಸಿ. ಅಲ್ಲಿನ ರೈತರು ಜೇನನ್ನು ಕಾಯುವುದಿಲ್ಲ, ಕೋಲಿನ ತುದಿಗೆ ಹಕ್ಕಿಪುಕ್ಕದ ಕುಚ್ಚು ಕಟ್ಟಿ ಕೈಯಾರೆ ಪರಾಗ ಹಚ್ಚುತ್ತಾರೆ. ಒಂದೇ ಮರಕ್ಕೆ ನೀವೂ ಹಾಗೆ ಮಾಡಬಹುದು. ಇನ್ನೊಂದು ತಳಿಯ ಹೂವನ್ನು, ಅರಳುವ ಹಿಂದಿನ ದಿನ, ಬಲೂನಿನಂತೆ ಉಬ್ಬಿರುವಾಗ ಕಿತ್ತು ತನ್ನಿ. ಒಳಗಿನ ಕೆಂಪು ಪರಾಗಕೋಶಗಳನ್ನು ಕಾಗದದ ಮೇಲೆ ಉದುರಿಸಿ ಅಡುಗೆಮನೆಯ ಮೂಲೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಡೆದು ಹಳದಿ ಹುಡಿ ಬಿಟ್ಟಿರುತ್ತವೆ. ಅರಿಶಿನ ಚಿಟಿಕೆಯಷ್ಟು ಸಾಕು. 60 ಫ್ಯಾರನ್‌ಹೀಟ್ ದಾಟಿದ ಮಧ್ಯಾಹ್ನ ಮಕ್ಕಳ ಬಣ್ಣದ ಕುಂಚದಿಂದ ಹೊಸದಾಗಿ ಅರಳಿದ ಹೂಗಳ ನಡುವೆ ತಾಗಿಸಿ. ಗೊಂಚಲಿಗೆ ಎರಡು ಹೂ ಸಾಕು.

ಇಷ್ಟು ಮಾಡಿಯೂ ಕಾಯಿ ಇಲ್ಲದಿದ್ದರೆ ಅಪರಾಧಿ ಏಪ್ರಿಲಿನ ರಾತ್ರಿ. ಏಷ್ಯನ್ ಪೇರ್ ಯುರೋಪಿನ ಪೇರಿಗಿಂತಲೂ ಸೇಬಿಗಿಂತಲೂ ಮೊದಲು ಅರಳುತ್ತದೆ. ಜನವರಿಯಲ್ಲಿ ಮೈನಸ್ 25 ಸೆಲ್ಸಿಯಸ್ ತಡೆದ ಅದೇ ಮೊಗ್ಗು ಪೂರ್ತಿ ಅರಳಿದ ಮೇಲೆ ಮೈನಸ್ 2.2ರಲ್ಲಿ ಅರ್ಧ ಗಂಟೆ ಇದ್ದರೆ ಹತ್ತರಲ್ಲಿ ಒಂದು ಸಾಯುತ್ತದೆ, ಮೈನಸ್ 4.4ರಲ್ಲಿ ಹತ್ತರಲ್ಲಿ ಒಂಬತ್ತು. ಎರಡಂಕಿಗಳ ನಡುವೆ ಇರುವುದು ಎರಡೇ ಡಿಗ್ರಿ. ಆದ್ದರಿಂದ ಹೊದಿಸುವುದು ವ್ಯರ್ಥವಲ್ಲ: ಹಳೆಯ ಬೆಡ್‌ಶೀಟುಗಳನ್ನು ನೆಲ ಮುಟ್ಟುವಂತೆ ಇಳಿಬಿಟ್ಟರೆ ನೆಲದ ಕಾವು ಒಳಗೇ ನಿಂತು ಆ ಎರಡು ಡಿಗ್ರಿ ಸಿಗುತ್ತದೆ. ಕಾಂಡಕ್ಕೆ ಕೊಡೆಯಂತೆ ಕಟ್ಟಿದರೆ ಉಪಯೋಗವಿಲ್ಲ. ಒಳಗೆ ಬಲ್ಬ್ ಇಡುವುದಾದರೆ ಬಿಸಿಯಾಗುವ ಹಳೆ ಮಾದರಿಯದಿರಲಿ, ಬಟ್ಟೆಗೆ ತಾಗದಿರಲಿ. ಎಲ್‌ಇಡಿ ಬರೀ ಬೆಳಕು ಕೊಡುತ್ತದೆ.

ಮರುದಿನ ಹತ್ತು ಗಂಟೆಗೆ ಹೂವೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ. ದಳ ಬೆಳ್ಳಗೆ ನಗುತ್ತಿರಬಹುದು, ಅದನ್ನು ನಂಬಬೇಡಿ. ನಟ್ಟನಡುವಿನ ಶಲಾಕೆ ತಿಳಿಹಸಿರಿದ್ದರೆ ಬಚಾವ್, ಸಾಸಿವೆಯಂತೆ ಕಪ್ಪಾಗಿದ್ದರೆ ಆ ಹೂವಿನ ಕಥೆ ಮುಗಿಯಿತು. ಇಪ್ಪತ್ತು ಹೂ ಸೀಳಿ ಎಣಿಸಿ. ಐದು ಬದುಕಿದ್ದರೂ ಮರಕ್ಕೆ ಫಸಲು ಸಾಕು.

ಪ್ರಶ್ನೆ: ಜೂನಿನಲ್ಲಿ ಕೊಂಬೆಯ ತುದಿಗಳು ಬೆಂಕಿ ತಾಗಿದಂತೆ ಕಪ್ಪಾಗಿ ಬಾಗಿವೆ. ಒಣಗಿದ ಎಲೆ ಉದುರುತ್ತಲೂ ಇಲ್ಲ. (ಮಿಷಿಗನ್‌ನಿಂದ)

ಫೈರ್ ಬ್ಲೈಟ್, ಎರ್ವಿನಿಯಾ ಅಮೈಲೊವೊರಾ ಎಂಬ ಬ್ಯಾಕ್ಟೀರಿಯ. ಇಂದೇ ಕತ್ತರಿ ಹಿಡಿಯಿರಿ, ಮಳೆ ಬರುತ್ತಿದ್ದರೆ ಮಾತ್ರ ನಿಲ್ಲಿ. ಕಪ್ಪು ಮುಗಿದಲ್ಲಿ ಕತ್ತರಿಸಿದರೆ ರೋಗ ಒಳಗೇ ಉಳಿಯುತ್ತದೆ. ಕಪ್ಪಿನಿಂದ ಒಂದಡಿ ಕೆಳಗೆ, ಎರಡು ವರ್ಷದ ಕಟ್ಟಿಗೆಗೆ ಇಳಿದು ಕತ್ತರಿಸಿ. ಪ್ರತಿ ಕತ್ತರಿಕೆಗೂ 70 ಶೇಕಡಾ ಆಲ್ಕೊಹಾಲಿನಿಂದ ಕತ್ತರಿ ಒರೆಸಿ. ಕತ್ತರಿಸಿದ್ದನ್ನು ಕಾಂಪೋಸ್ಟಿಗೆ ಹಾಕದೆ ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ.

ಮುಂದಿನ ವರ್ಷ ಮೊಗ್ಗಿನ ತುದಿ ಬೆಳ್ಳಿ ಬಣ್ಣಕ್ಕೆ ತಿರುಗಿದಾಗ ಒಂದು ಸಲ ತಾಮ್ರದ ಸಿಂಪಡಣೆ ಮಾಡಿ. ಚಿಗುರು ವರ್ಷಕ್ಕೆ ಒಂದೂವರೆ ಅಡಿಗಿಂತ ಹೆಚ್ಚು ಬೆಳೆಯುತ್ತಿದ್ದರೆ ಗೊಬ್ಬರ ನಿಲ್ಲಿಸಿ, ಈ ರೋಗಕ್ಕೆ ಕೊಬ್ಬಿದ ಚಿಗುರೆಂದರೆ ಹಬ್ಬ. ತಳಿಗಳಲ್ಲಿ ಹೊಸುಯಿ, ನಿಜಿಸ್ಸೇಕಿ ಬೇಗ ಬಲಿಯಾಗುತ್ತವೆ, ಶಿನ್ಕೊ ಚೆನ್ನಾಗಿ ತಡೆಯುತ್ತದೆ.

ಪ್ರಶ್ನೆ: ಶಿನ್ಸೇಕಿ ಮರದಲ್ಲಿ ನೂರಾರು ಕಾಯಿ. ಆದರೆ ನಿಂಬೆ ಗಾತ್ರ, ಸಪ್ಪೆ ನೀರು. (ಟೊರಾಂಟೊದಿಂದ)

ಅಷ್ಟನ್ನೂ ಬಿಟ್ಟಿದ್ದೇ ತಪ್ಪು. ಹೂ ಉದುರಿದ ಮೂರ್ನಾಲ್ಕು ವಾರದಲ್ಲಿ, ಕಾಯಿ ಕಡಲೆಕಾಳು ದಾಟಿದೊಡನೆ, ಗೊಂಚಲಿಗೆ ಒಂದನ್ನು ಬಿಟ್ಟು ಉಳಿದದ್ದನ್ನು ತೆಗೆಯಿರಿ, ಕಾಯಿಯಿಂದ ಕಾಯಿಗೆ ಒಂದು ಗೇಣು ಅಂತರವಿರಲಿ. ಒಂದು ಹಣ್ಣಿಗೆ ಸಿಹಿ ತುಂಬಲು ಇಪ್ಪತ್ತೈದು ಮೂವತ್ತು ಎಲೆ ದುಡಿಯಬೇಕು. ಹತ್ತರಲ್ಲಿ ಎಂಟನ್ನು ಕಿತ್ತೆಸೆಯುವಾಗ ಕೈ ನಡುಗುತ್ತದೆ. ನಡುಗಿದರೂ ಕೀಳಿ. ತಡಮಾಡಿ ಜುಲೈಯಲ್ಲಿ ಕಿತ್ತರೆ ಗಾತ್ರ ಅಷ್ಟಾಗಿ ಹೆಚ್ಚದು, ಮುಂದಿನ ವರ್ಷದ ಹೂಮೊಗ್ಗೂ ಕಟ್ಟದು.

ಸಪ್ಪೆಗೆ ಇನ್ನೊಂದು ಕಾರಣ ಅವಸರದ ಕೊಯ್ಲು. ಬಾರ್ಟ್ಲೆಟ್‌ನಂಥ ಯುರೋಪಿನ ಪೇರನ್ನು ಕಾಯಲ್ಲಿ ಕೊಯ್ದು ಮನೆಯಲ್ಲಿ ಹಣ್ಣು ಮಾಡುತ್ತಾರೆ. ಏಷ್ಯನ್ ಪೇರ್ ಮರದಲ್ಲೇ ಹಣ್ಣಾಗಬೇಕು, ಕೊಯ್ದ ಮೇಲೆ ಸಿಹಿ ಏರುವುದಿಲ್ಲ. ಶಿನ್ಸೇಕಿಯ ಹಸಿರು ಪೂರ್ತಿ ಹಳದಿಗೆ ತಿರುಗಲಿ, ಒಂದನ್ನು ತಿಂದು ನೋಡಿ ಕೊಯ್ಯಿರಿ. ತೊಟ್ಟಿನ ತುದಿ ಪಕ್ಕದ ಹಣ್ಣಿಗೆ ಚುಚ್ಚುತ್ತದೆ, ಬುಟ್ಟಿಗೆ ಹಾಕುವ ಮೊದಲು ತೊಟ್ಟು ಮೊಟಕು ಮಾಡಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ, ಬರುವಾಗ ಒಂದು ಸಸಿ ತರುತ್ತೇನೆ ಅನ್ನುತ್ತಾಳೆ. ಬೆಂಗಳೂರಿನ ನಮ್ಮ ಮನೆ ಹಿತ್ತಲಲ್ಲಿ ಬರುತ್ತದೆಯೇ?

ಬೇಡವೆಂದು ಹೇಳಿ. ಮೊದಲನೆಯದು ಕಾನೂನು: 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಮೇಲೆ ಹೇಳಿದ ಫೈರ್ ಬ್ಲೈಟ್ ಸೂಟ್‌ಕೇಸಿನಲ್ಲಿ ಬಂದರೆ ಕಾಶ್ಮೀರ, ಹಿಮಾಚಲದ ಸೇಬಿನ ತೋಟಗಳ ಗತಿಯೇನು ಯೋಚಿಸಿ.

ಎರಡನೆಯದು ಚಳಿ. ಈ ಮರಗಳಿಗೆ ಮೊಗ್ಗು ಒಡೆಯಲು ತಳಿಗೆ ತಕ್ಕಂತೆ ಕೆಲವು ನೂರು ಗಂಟೆಗಳ ತಂಪು ಬೇಕು, ಅದನ್ನು ಎಣಿಸುವುದು 7.2 ಸೆಲ್ಸಿಯಸ್‌ಗಿಂತ ಕೆಳಗೆ. ಬೆಂಗಳೂರು ನಗರದ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶ 7.8, ಅದೂ 1884ರ ಜನವರಿಯಲ್ಲಿ. ಲೆಕ್ಕಕ್ಕೆ ಒಂದು ಗಂಟೆಯೂ ಸಿಗದು. ಗಿಡ ಎಲೆ ಬಿಟ್ಟುಕೊಂಡು ಪೆಚ್ಚಾಗಿ ನಿಂತಿರುತ್ತದೆ, ಹೂ ಬಿಡುವುದಿಲ್ಲ. ಪಂಜಾಬಿನ ಬಯಲಲ್ಲಿ ಬೆಳೆಯುವ ಪತ್ತರ್‌ನಾಖ್ ಇದೇ ಜಾತಿಯ ಕಡಿಮೆ ಚಳಿಯ ತಳಿ. ಅದಕ್ಕೂ ಅಲ್ಲಿನ ಡಿಸೆಂಬರ್ ಜನವರಿಯ ಮಂಜಿನ ರಾತ್ರಿಗಳು ಬೇಕು. ನಮ್ಮ ಹತ್ತಿರದಲ್ಲಿ ಪೇರ್ ಸಲೀಸಾಗಿ ಬರುವುದು ಊಟಿ, ಕೊಡೈಕೆನಾಲ್ ಎತ್ತರದಲ್ಲಿ. ನಿಮ್ಮ ಹಿತ್ತಲಿಗೆ ಒಂದು ಸೀಬೆ ಗಿಡ ಹಾಕಿ, ಮಗಳಿರುವುದು ಹಿಮ ಬೀಳುವ ಊರಾದರೆ ಅವಳ ಹಿತ್ತಲಲ್ಲಿ ಅದು ಬೆಳೆಯುವುದಿಲ್ಲ.