ಮರಣ ಪ್ರಮಾಣಪತ್ರದಿಂದ ಸಾವಿನ ಕಾರಣ ಊರಿಗೆ ಗೊತ್ತಾಗುತ್ತದಾ?

ಪ್ರಶ್ನೆ: ಮೇಡಂ, ನನ್ನ ತಮ್ಮ ಈಚೆಗೆ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಕಾಯಿಲೆ ಏನೆಂದು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆಸ್ತಿ ವಿಚಾರದಲ್ಲಿ ಸಿಟ್ಟಿರುವ ದಾಯಾದಿಯೊಬ್ಬರು ‘ಮರಣ ಪ್ರಮಾಣಪತ್ರ ತೆಗೆಸಿ ಎಲ್ಲರಿಗೂ ತೋರಿಸ್ತೀನಿ’ ಎನ್ನುತ್ತಿದ್ದಾರೆ. ಅವರಿಗೆ ಕೊಡಬೇಡಿ ಎಂದು ನೋಂದಣಾಧಿಕಾರಿಗೆ ಅರ್ಜಿ ಹಾಕಬಹುದಾ? ವಿಮೆ ಕಂಪನಿ ಬೇರೆ ಸಾವಿನ ಕಾರಣದ ದಾಖಲೆ ಕೇಳುತ್ತಿದೆ.

ಉತ್ತರ: ಅರ್ಜಿ ಹಾಕಿ ಪ್ರಯೋಜನವಿಲ್ಲ. ಅದರ ಅಗತ್ಯವೂ ಇಲ್ಲ. ಜನನ ಮತ್ತು ಮರಣ ನೋಂದಣಿ ಕಾಯ್ದೆ, 1969ರ 17ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ರಿಜಿಸ್ಟರ್‌ನಲ್ಲಿ ಹುಡುಕಿಸಿ ಪ್ರಮಾಣಪತ್ರ ಕೇಳಬಹುದು. ಆದರೆ ಅದೇ ಸೆಕ್ಷನ್ ಇನ್ನೊಂದು ಮಾತನ್ನೂ ಹೇಳುತ್ತದೆ. ಯಾರಿಗೇ ಕೊಟ್ಟರೂ ಆ ಪತ್ರದಲ್ಲಿ ಸಾವಿನ ಕಾರಣ ತಿಳಿಸುವಂತಿಲ್ಲ. ‘ಯಾರಿಗೇ’ ಅಂದರೆ ನಿಮಗೂ ಸೇರಿ. ನಿಮ್ಮ ದಾಯಾದಿಗೆ ಸಿಗುವುದು ತಮ್ಮನ ಹೆಸರು, ತಂದೆ ತಾಯಿಯ ಹೆಸರು, ವಿಳಾಸ, ತೀರಿಕೊಂಡ ದಿನ, ಜಾಗ, ಇಷ್ಟೇ. ಅವರಿಗೆ ಇದೆಲ್ಲ ಮೊದಲೇ ಗೊತ್ತಿದೆ, ಅಲ್ವಾ?

ಹಾಗಾದರೆ ಕಾರಣ ಎಲ್ಲಿ ಹೋಗುತ್ತದೆ? ಮರಣ ವರದಿಯ ಫಾರಂನಲ್ಲಿ ಎರಡು ಭಾಗ ಇರುತ್ತವೆ. ಒಂದು ಕಾನೂನಿಗೆ, ಇನ್ನೊಂದು ಅಂಕಿಅಂಶಕ್ಕೆ. ಕಾಯಿಲೆಯ ಹೆಸರು, ಧರ್ಮ, ಉದ್ಯೋಗ, ಬೀಡಿ ಸಿಗರೇಟು ಸೇದುತ್ತಿದ್ದರಾ, ಕುಡಿಯುತ್ತಿದ್ದರಾ ಎಂಬುದೆಲ್ಲ ಎರಡನೆಯದರಲ್ಲಿ. ಯಾವ ಕಾಯಿಲೆಗೆ ಎಷ್ಟು ಜನ ಸಾಯುತ್ತಿದ್ದಾರೆ ಎಂದು ಸರ್ಕಾರಕ್ಕೆ ತಿಳಿಯಲಿ ಅಂತ ಈ ಭಾಗ ಇದೆ. ನಿಮ್ಮ ತಮ್ಮನೊಬ್ಬನ ಕಥೆ ಅದಕ್ಕೆ ಬೇಕಿಲ್ಲ.

ಇನ್ನು ವಿಮೆ. ಪ್ರಮಾಣಪತ್ರದಲ್ಲಿ ಕಾರಣ ಬರೆದುಕೊಡಿ ಎಂದು ನೋಂದಣಿ ಕಚೇರಿಗೆ ಸುಮ್ನೆ ಅಲೆಯಬೇಡಿ, ಅವರು ಕೊಡುವಂತಿಲ್ಲ. ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿದೆ, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಂತೆ ಸಾವಿನ ಕಾರಣದ ವೈದ್ಯಕೀಯ ಪತ್ರವನ್ನು ಆಸ್ಪತ್ರೆಯವರು ನೋಂದಣಾಧಿಕಾರಿಗೆ ಕಳಿಸಬೇಕು, ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ. ವಿಮೆಯವರಿಗೆ ಅದನ್ನೇ ಕೊಡಿ.

ನನ್ನ ಅನುಭವದಲ್ಲಿ ಗುಟ್ಟು ರಟ್ಟಾಗುವುದು ಸರ್ಕಾರಿ ರಿಜಿಸ್ಟರ್‌ನಿಂದ ಅಲ್ಲ, ಜೆರಾಕ್ಸ್ ಪ್ರತಿಗಳಿಂದ. ಬ್ಯಾಂಕಿಗೆ, ಖಾತೆ ಬದಲಾವಣೆಗೆ, ಪಿಂಚಣಿಗೆ ಮರಣ ಪ್ರಮಾಣಪತ್ರ ಸಾಕು. ಆದರೆ ಜನ ಎಲ್ಲದಕ್ಕೂ ಡಿಸ್ಚಾರ್ಜ್ ಸಮ್ಮರಿಯನ್ನೂ ಪಿನ್ ಮಾಡಿ ಕೊಟ್ಟುಬಿಡುತ್ತಾರೆ. ಆಸ್ಪತ್ರೆಯ ಕಾಗದ ಯಾರ ಕೈಗೆ ಹೋಯಿತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಕಾಯಿಲೆ ಎಚ್‌ಐವಿಗೆ ಸಂಬಂಧಿಸಿದ್ದಾದರೆ 2017ರ ಪ್ರತ್ಯೇಕ ಕಾಯ್ದೆಯೇ ಇದೆ, ಅದರ ಗೋಪ್ಯತೆಯ ನಿಯಮ ಇನ್ನೂ ಬಿಗಿ. ಹಾಗೆಂದು ಡಾಕ್ಟರಿಗೆ ‘ಬೇರೆ ಕಾರಣ ಬರೆದುಬಿಡಿ’ ಎಂದು ಮಾತ್ರ ಗಂಟುಬೀಳಬೇಡಿ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಡುವುದು ಅಪರಾಧ, ವಿಮೆ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ನಾನು ಮದುವೆಯಾಗದ ತಾಯಿ. ಮಗಳ ಜನನ ಪ್ರಮಾಣಪತ್ರಕ್ಕೆ ತಂದೆಯ ಹೆಸರು ಹೇಳಲೇಬೇಕು ಎನ್ನುತ್ತಿದ್ದಾರೆ. ನನಗೆ ಹೇಳಲು ಇಷ್ಟವಿಲ್ಲ.

ಉತ್ತರ: ಹೇಳಬೇಕಿಲ್ಲ. ಸುಪ್ರೀಂ ಕೋರ್ಟ್ 2015ರ ಜುಲೈನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಮದುವೆಯಾಗದ ತಾಯಿ ಅಥವಾ ಒಂಟಿ ಪೋಷಕಿ ಅರ್ಜಿ ಹಾಕಿದರೆ ಅವಳ ಅಫಿಡವಿಟ್ ಮೇಲೆಯೇ ಜನನ ಪ್ರಮಾಣಪತ್ರ ಕೊಡಬೇಕು. ಆ ತೀರ್ಪಿನ ಪ್ರತಿಯನ್ನು ಅರ್ಜಿಯ ಜೊತೆಗಿಡಿ. ಕೌಂಟರಿನಲ್ಲಿ ವಾದ ಮಾಡುತ್ತ ನಿಲ್ಲಬೇಡಿ. ‘ಆಗಲ್ಲ’ ಅಂದರೆ ಯಾಕೆ ಆಗಲ್ಲ ಎಂದು ಬರೆದುಕೊಡಲು ಕೇಳಿ, ಮುಂದೆ ಮೇಲಿನ ಅಧಿಕಾರಿಗೆ ದೂರು ಕೊಡುವಾಗ ಅದು ಬೇಕಾಗುತ್ತದೆ. ಹುಟ್ಟಿ 21 ದಿನದೊಳಗೆ ಮಾಹಿತಿ ಕೊಡುವುದಂತೂ ತಪ್ಪಿಸಬೇಡಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ, ಆಗ ಇದೇ ಪ್ರಶ್ನೆಗಳನ್ನು ಇನ್ನೂ ಜಾಸ್ತಿ ಜನ ಕೇಳುತ್ತಾರೆ.