ಸಂಪಾದಕರ ಉತ್ತರ: ಅರ್ಧರ್ಧ ಹೆಸರಿನ ಜೋಡಿ

ಹಾಸನದ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ರಿಯೊ ಒಲಿಂಪಿಕ್ಸ್‌ನ ಹಳೇ ಬ್ಯಾಡ್ಮಿಂಟನ್ ಫೋಟೊ ಹಾಕಿ, ಕೆಳಗೆ “ಅಯಾಕಾ ತಕಾಹಾಶಿ ಮತ್ತು ಜೊತೆಗಾರ್ತಿ” ಅಂತ ಬರೆದಿದ್ದೀರಿ. ಜೊತೆಗಾರ್ತಿಗೆ ಹೆಸರಿಲ್ವಾ? ನನ್ನ ಮಗಳೂ ಡಬಲ್ಸ್ ಆಡುತ್ತಾಳೆ, ಅದಕ್ಕೇ ಚುಚ್ಚಿತು. ಇನ್ನೊಂದು ಪ್ರಶ್ನೆ. ಚಿನ್ನ ಗೆದ್ದ ಈ ತಕಾಹಾಶಿ ತಮ್ಮದೇ ದೇಶದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಯಾಕೆ ಆಡಲಿಲ್ಲ? ಸೋತು ಮೂಲೆ ಸೇರಿದರಾ?’

ಮೇಡಂ, ತಪ್ಪು ನಮ್ಮದೇ. ಸಾಲು ಉದ್ದವಾಯಿತು ಅಂತ ಕತ್ತರಿ ಹಾಕಿದೆವು. ಆ ಹೆಸರು ಮಿಸಾಕಿ ಮತ್ಸುತೊಮೊ. ಇದು ಬೇರೆ ಯಾವ ಜೋಡಿಗಿಂತ ಇವರಿಗೆ ಮಾಡಿದ ದೊಡ್ಡ ಅನ್ಯಾಯ. ಯಾಕೆಂದರೆ ಜಪಾನಿನಲ್ಲಿ ಇವರನ್ನು ಬಿಡಿಸಿ ಕರೆಯುವುದೇ ಇಲ್ಲ. ತಕಾಹಾಶಿಯ ‘ತಕಾ’, ಮತ್ಸುತೊಮೊ ಅವರ ‘ಮತ್ಸು’ ಸೇರಿಸಿ ‘ತಕಾಮತ್ಸು’ ಅಂತಾರೆ.

ತಕಾಹಾಶಿ ನಾರಾ ಕಡೆಯವರು, 1990ರಲ್ಲಿ ಹುಟ್ಟಿದವರು. ಮತ್ಸುತೊಮೊ ತಕಾಹಾಶಿಗಿಂತ ಸುಮಾರು ಎರಡು ವರ್ಷ ಚಿಕ್ಕವರು, ತೊಕುಶಿಮಾದವರು. ಇಬ್ಬರೂ ಊರು ಬಿಟ್ಟು ದೂರದ ಸೆಂಡೈನ ಹೈಸ್ಕೂಲಿಗೆ ಹೋದರು. 2007ರಲ್ಲಿ ಅಲ್ಲೇ ಜೋಡಿ ಕೂಡಿತು. ಮುಂದೆ ಒಂದೇ ಕಂಪನಿ ತಂಡದಲ್ಲಿ ಆಡಿದರು. ತಕಾಹಾಶಿ ಹಿಂದೆ ನಿಂತು ಸ್ಮ್ಯಾಶ್ ಮೇಲೆ ಸ್ಮ್ಯಾಶ್ ಹೊಡೆಯುವವರು. ಮತ್ಸುತೊಮೊ ನೆಟ್ ಹತ್ತಿರ ಕಾದಿದ್ದು, ಎದುರಿನವರು ಹೇಗೋ ಎತ್ತಿ ಕಳಿಸಿದ ಶಟಲ್ಲನ್ನು ತಟ್ಟಿ ಮುಗಿಸುವವರು. ಹೊಡೆತ ಒಬ್ಬರದು, ಪಾಯಿಂಟ್ ಇನ್ನೊಬ್ಬರದು. ಲೆಕ್ಕ ಬರೆಯುವುದಾದರೆ ಯಾರ ಖಾತೆಗೆ ಬರೆಯುತ್ತೀರಿ?

2014ರಲ್ಲಿ ವಿಶ್ವದ ನಂಬರ್ ಒನ್ ಆದರು. 2016ರ ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದರು. ಆಗಸ್ಟ್‌ನಲ್ಲಿ ರಿಯೊ. ಅಲ್ಲಿ ಇವರ ಗುಂಪಿನಲ್ಲೇ ನಮ್ಮ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಇದ್ದರು. ನಮ್ಮವರಿಗೆ ಮೊದಲ ಪಂದ್ಯವೇ ತಕಾಮತ್ಸು ಜೋಡಿಯ ಮೇಲೆ ಬಿತ್ತು, ನಮ್ಮವರು ನೇರ ಗೇಮ್‌ಗಳಲ್ಲಿ ಸೋತರು.

ಫೈನಲ್ ಆಗಸ್ಟ್ 18ಕ್ಕೆ. ಎದುರಿಗೆ ಡೆನ್ಮಾರ್ಕ್‌ನ ಕ್ರಿಸ್ಟಿನಾ ಪೆಡರ್ಸನ್, ಕಮಿಲ್ಲಾ ರಿಟರ್ ಯೂಲ್. ಮೊದಲ ಗೇಮ್ ಜಪಾನಿನ ಕೈತಪ್ಪಿತು, 18-21. ಎರಡನೆಯದನ್ನು 21-9ಕ್ಕೆ ಗೆದ್ದರು. ಮೂರನೆಯದರಲ್ಲಿ 16-19. ಡೆನ್ಮಾರ್ಕ್‌ಗೆ ಇನ್ನೆರಡೇ ಪಾಯಿಂಟ್ ಸಾಕು. ಇಂಥ ಹೊತ್ತಲ್ಲಿ ಸುಮ್ನೆ ಶಟಲ್ ಆಚೆ ದಾಟಿಸಿದರೆ ಸಾಕಪ್ಪಾ ಅನ್ನಿಸುತ್ತೆ ಅಲ್ವಾ? ಇವರು ಸಾಲಾಗಿ ಐದು ಪಾಯಿಂಟ್ ಕಿತ್ತುಕೊಂಡರು. 21-19. ಬ್ಯಾಡ್ಮಿಂಟನ್‌ನಲ್ಲಿ ಜಪಾನಿಗೆ ಅದೇ ಮೊದಲ ಒಲಿಂಪಿಕ್ ಚಿನ್ನ. ಆಗ ತಂಡದ ಕೋಚ್ ಆಗಿದ್ದವರು ಕೊರಿಯಾದ ಪಾರ್ಕ್ ಜೂ-ಬಾಂಗ್. ಅವರೂ 1992ರಲ್ಲಿ ಡಬಲ್ಸ್ ಚಿನ್ನ ಗೆದ್ದವರೇ.

ಇನ್ನು ಟೋಕಿಯೊ. ಮೂಲೆ ಸೇರಿದರಾ ಅಂದರೆ, ಇಲ್ಲ. 2018ರ ಕೊನೆಯಲ್ಲಿ, ವರ್ಷದ ಅಗ್ರ ಜೋಡಿಗಳಷ್ಟೇ ಆಡುವ ವರ್ಲ್ಡ್ ಟೂರ್ ಫೈನಲ್ಸ್ ಗೆದ್ದವರು ಇವರೇ. ಪೇಚು ಮನೆಯೊಳಗಿನದು. 2018, 2019 ಎರಡೂ ವರ್ಷ ವಿಶ್ವ ಚಾಂಪಿಯನ್‌ಶಿಪ್‌ನ ಫೈನಲ್ ಆಡಿದ್ದು ಬೇರೆ ಎರಡು ಜಪಾನ್ ಜೋಡಿಗಳು, ಮತ್ಸುಮೊತೊ-ನಗಾಹಾರಾ ಮತ್ತು ಫುಕುಶಿಮಾ-ಹಿರೋತಾ. ಒಂದು ದೇಶಕ್ಕೆ ಹೆಚ್ಚೆಂದರೆ ಎರಡು ಜೋಡಿ ಅನ್ನುವುದು ಒಲಿಂಪಿಕ್ ನಿಯಮ. ಬೇರೆ ಯಾವ ದೇಶದಲ್ಲಿದ್ದರೂ ಇವರು ಕಣ್ಣುಮುಚ್ಚಿ ಟಿಕೆಟ್ ತಗೊಳ್ಳುತ್ತಿದ್ದರು. ಆ ಮೇಲೆ ಕೊರೊನಾ ಬಂತು, ಕೂಟ ಒಂದು ವರ್ಷ ಮುಂದಕ್ಕೆ ಹೋಯಿತು. 2020ರ ಆಗಸ್ಟ್‌ನಲ್ಲಿ, ಮೂವತ್ತರ ವಯಸ್ಸಿಗೆ, ತಕಾಹಾಶಿ ಆಟ ಬಿಟ್ಟರು. ನನಗಂತೂ ಅದು ಸೋಲಾಗಿ ಕಾಣುವುದಿಲ್ಲ. ಡಬಲ್ಸ್‌ನಲ್ಲಿ ಅರೆಮನಸ್ಸಿನಿಂದ ಒಂದು ವರ್ಷ ತಳ್ಳಿದರೆ ಪಕ್ಕದವರ ವರ್ಷವೂ ಹೋಗುತ್ತದೆ. (ಟೋಕಿಯೊಗೆ ಹೋದ ಆ ಎರಡೂ ಜೋಡಿಗಳು ಕ್ವಾರ್ಟರ್ ಫೈನಲ್‌ನಲ್ಲೇ ಸೋತವು. ಆಟ ಅಂದ್ರೆ ಹಾಗೇ.)

ಮತ್ಸುತೊಮೊ ಮಾತ್ರ ರ‍್ಯಾಕೆಟ್ ಕೆಳಗಿಡಲಿಲ್ಲ. ಯೂಕಿ ಕನೆಕೊ ಜೊತೆ ಮಿಕ್ಸೆಡ್ ಡಬಲ್ಸ್‌ಗೆ ಇಳಿದರು. ನಾವು ‘ಜೊತೆಗಾರ್ತಿ’ ಅಂತ ಅಚ್ಚು ಹಾಕಿದ್ದು ಇವರನ್ನೇ.