ಮನೆಯಿಂದಲೇ ಕೆಲಸ ಮಾಡುವಾಗ ಆಪ್ತರ ಒಡನಾಟ ಉಳಿಸಿಕೊಳ್ಳುವುದು ಹೇಗೆ?

ಮನೆಯಿಂದ ಕೆಲಸ ಆರಂಭಿಸಿದ ಮೇಲೆ ಗೆಳೆಯರ, ಬಂಧುಗಳ ಸಂಪರ್ಕ ಒಂದೊಂದಾಗಿ ತಪ್ಪಿಹೋಗುತ್ತಿದೆ, ದಿನವಿಡೀ ಪರದೆ ನೋಡಿದ ಮೇಲೆ ಯಾರಿಗೂ ಕರೆ ಮಾಡುವ ಮನಸ್ಸಾಗುವುದಿಲ್ಲ, ಇತ್ತ ಮನೆಯವರು ಮಾತ್ರ ನೀವು ಸದಾ ಬಿಡುವಾಗಿದ್ದೀರಿ ಎಂದುಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ನಾನೂ ಹಲವು ವರ್ಷಗಳಿಂದ ಹೀಗೆಯೇ ಕೆಲಸ ಮಾಡುತ್ತಿರುವುದರಿಂದ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮೊದಲನೆಯದಾಗಿ, ಇದನ್ನು ನಿಮ್ಮ ಸ್ವಭಾವದ ದೋಷವೆಂದು ಭಾವಿಸಬೇಡಿ. ಕಚೇರಿಗೆ ಹೋಗಿಬರುವಾಗ ಒಡನಾಟದ ದೊಡ್ಡ ಪಾಲು ತಾನಾಗಿಯೇ ಒದಗಿಬರುತ್ತಿತ್ತು. ಲಿಫ್ಟಿಗಾಗಿ ಕಾಯುವಾಗ, ಊಟದ ಮೇಜಿನಲ್ಲಿ, ಸಭೆ ಮುಗಿದು ಎದ್ದು ಹೊರಡುವಾಗ ಆಡುತ್ತಿದ್ದ ಮಾತುಗಳಿಗೆ ಯಾರೂ ಸಮಯ ಗೊತ್ತುಮಾಡಿರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯ ಅಮೆರಿಕದ 61,000ಕ್ಕೂ ಹೆಚ್ಚು ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಸಂಪರ್ಕದ ದಾಖಲೆಗಳನ್ನು ಪರಿಶೀಲಿಸಿ ಮರುವರ್ಷ ಪ್ರಕಟಿಸಿದ ಅಧ್ಯಯನವೊಂದು, ಎಲ್ಲರೂ ಮನೆಯಿಂದ ದುಡಿಯತೊಡಗಿದಾಗ ಬೇರೆ ಬೇರೆ ಗುಂಪುಗಳ ನಡುವಿನ ಕೊಂಡಿಗಳು ಸಡಿಲವಾಗಿ, ಒಂದೊಂದು ಗುಂಪೂ ತನ್ನೊಳಗೇ ಮುಚ್ಚಿಕೊಂಡಿತು ಎಂಬುದನ್ನು ತೋರಿಸಿದೆ. ಒಂದೇ ಸಂಸ್ಥೆಯಲ್ಲಿ ದುಡಿಯುವವರ ನಡುವೆಯೇ ಹೀಗಾಗುವುದಾದರೆ, ಕೆಲಸದ ನೆಪವೂ ಇಲ್ಲದ ಗೆಳೆಯರ ವಿಷಯದಲ್ಲಿ ಆಗುವುದರಲ್ಲಿ ಆಶ್ಚರ್ಯವಿಲ್ಲ. ತಾನಾಗಿ ನಡೆಯುತ್ತಿದ್ದುದಕ್ಕೆ ಈಗ ನಾವೇ ಹೊತ್ತು ಗೊತ್ತುಮಾಡಬೇಕು. ನನ್ನ ಉತ್ತರದ ತಿರುಳು ಇಷ್ಟೇ.

ಆ ಹೊತ್ತು ಎಲ್ಲಿದೆ ಎಂದು ಕೇಳಿದರೆ, ಹಿಂದೆ ಎಲ್ಲಿತ್ತೋ ಅಲ್ಲೇ ಇದೆ ಎನ್ನುತ್ತೇನೆ. ಬಹಳ ಜನ ತಮ್ಮವರಿಗೆ ಫೋನ್ ಮಾಡುತ್ತಿದ್ದುದು ಕಚೇರಿಯಿಂದ ಮನೆಗೆ ಮರಳುವ ದಾರಿಯಲ್ಲಿ. ಆ ಪ್ರಯಾಣ ನಿಂತಾಗ ಕರೆಗಳೂ ನಿಂತವು, ಉಳಿದ ಸಮಯವನ್ನು ಕೆಲಸವೇ ನುಂಗಿಹಾಕಿತು. ನಾನು ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಚಪ್ಪಲಿ ಮೆಟ್ಟಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಅರ್ಧ ಗಂಟೆ ನಡೆಯುತ್ತೇನೆ. ನಡಿಗೆಯುದ್ದಕ್ಕೂ ಯಾರಾದರೊಬ್ಬ ಆಪ್ತರೊಂದಿಗೆ ಮಾತು. ದೂರದಲ್ಲಿರುವ ಗೆಳೆಯನೊಬ್ಬ ವಾರಕ್ಕೊಮ್ಮೆ ಅದೇ ಹೊತ್ತಿಗೆ ತನ್ನ ಬೀದಿಯಲ್ಲಿ ನಡೆಯುತ್ತಿರುತ್ತಾನೆ. ಅವನ ಕಡೆಯಿಂದ ಬಸ್ಸಿನ ಹಾರ್ನ್, ನನ್ನ ಕಡೆಯಿಂದ ನಾಯಿ ಬೊಗಳುವ ಸದ್ದು ಮಾತಿನ ನಡುವೆ ಬಂದುಹೋಗುತ್ತವೆ. ಇಬ್ಬರೂ ತುಸು ಹೊತ್ತು ಸುಮ್ಮನಾದರೂ ಕರೆ ಮುಗಿಸುವ ಆತುರ ಹುಟ್ಟುವುದಿಲ್ಲ.

ಪರದೆಯ ಆಯಾಸದ ಬಗ್ಗೆ ನೀವು ಹೇಳಿದ್ದು ನಿಜ, ಅದಕ್ಕೆ ಕಾರಣಗಳೂ ಇವೆ. ತೀರ ಹತ್ತಿರದಿಂದ ದಿಟ್ಟಿಸುವ ಮುಖಗಳು, ಸದಾ ಕಣ್ಣೆದುರಿಗಿರುವ ತನ್ನದೇ ಮುಖ, ಕುಳಿತಲ್ಲಿಂದ ಅಲುಗಾಡದಿರಬೇಕಾದ ಸ್ಥಿತಿ, ಹಾವಭಾವಗಳನ್ನು ಗ್ರಹಿಸಲು ಬೇಕಾಗುವ ಹೆಚ್ಚಿನ ಶ್ರಮ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಅವುಗಳನ್ನು ವಿವರಿಸಿದ್ದಾರೆ. ಆದರೆ ನಂಟು ಉಳಿಯಲು ವಿಡಿಯೊ ಬೇಕೇಬೇಕೆಂದಿಲ್ಲ. ಅದೇ ವರ್ಷ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಳೆಯ ಗೆಳೆಯರಿಗೆ ಫೋನ್ ಮಾಡಿದರೆ ಮುಜುಗರವಾದೀತು ಎಂದು ಜನ ಅಂಜಿದ್ದರು. ಮಾತನಾಡಿದ ಮೇಲೆ ನೋಡಿದರೆ ಇಮೇಲ್ ಬರೆದವರಿಗಿಂತ ಹೆಚ್ಚಿನ ಆತ್ಮೀಯತೆ ಉಂಟಾಗಿತ್ತು, ಅಂಜಿದ್ದ ಮುಜುಗರ ಮಾತ್ರ ಕಾಣಲಿಲ್ಲ. ಆತ್ಮೀಯತೆಯನ್ನು ತರುವುದು ಮುಖದರ್ಶನಕ್ಕಿಂತ ಮುಖ್ಯವಾಗಿ ದನಿ ಎಂಬುದೂ ಅಲ್ಲಿ ಕಂಡುಬಂತು. ಪುಟ್ಟ ಮಕ್ಕಳೊಂದಿಗೆ, ಅಥವಾ ಕಿವಿ ಸರಿಯಾಗಿ ಕೇಳಿಸದ ಹಿರಿಯರೊಂದಿಗೆ ವಿಡಿಯೊ ಅಗತ್ಯ. ಉಳಿದವರಿಗೆ ಬರಿಯ ಕರೆ ಸಾಕು.

ಕರೆಯ ಬೆನ್ನಿಗೇ ಯಾವ ಸಭೆಯೂ ಇರಬಾರದು ಎಂಬುದನ್ನು ನಾನು ಬಹಳ ಮುಖ್ಯವೆಂದು ತಿಳಿದಿದ್ದೇನೆ. ನನ್ನ ಅಮ್ಮ ಫೋನಿನಲ್ಲಿ ಮೊದಲಿಗೆ ಆಡುವುದೆಲ್ಲ ಊಟ, ನಿದ್ದೆ, ಹವೆಯ ಮಾತು. ಎಲ್ಲವೂ ಮುಗಿಯಿತೆನ್ನುವಾಗ, ‘ಸರಿ, ಇಡಲೇನಪ್ಪಾ’ ಎಂದ ಮೇಲೆ, ‘ಅಂದಹಾಗೆ ಮೊನ್ನೆಯಿಂದ ಮೊಣಕಾಲು ಸ್ವಲ್ಪ ಊದಿಕೊಂಡಿದೆ’ ಎಂಬಂಥ ಮಾತು ಹೊರಬರುತ್ತದೆ. ಎರಡು ಸಭೆಗಳ ನಡುವಿನ ಬಿಡುವಿನಲ್ಲಿ ಗಡಿಯಾರ ನೋಡುತ್ತ ಮಾತನಾಡುವವರಿಗೆ ಆ ಕೊನೆಯ ಮಾತು ಸಿಗುವುದಿಲ್ಲ, ಆದರೆ ಹಿರಿಯರು ಹೇಳಬೇಕೆಂದಿದ್ದುದು ಹೆಚ್ಚಾಗಿ ಅದನ್ನೇ.

ಜೊತೆಯಲ್ಲೇ ಇರುವವರ ವಿಷಯ ಬೇರೆ. ಮನೆಯಲ್ಲಿದ್ದರೂ ಕೈಗೆ ಸಿಗದಿರುವುದು ಅವರಿಗೆ ನಿಜಕ್ಕೂ ನೋವಿನ ಸಂಗತಿ, ಹಾಗಾಗಿ ಬಾಗಿಲು ಹಾಕಿಕೊಂಡು ‘ಈಗ ಆಗುವುದಿಲ್ಲ’ ಎಂದಷ್ಟೇ ಹೇಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಯಾವಾಗ ಬಿಡುವಿಲ್ಲ ಎನ್ನುವುದಕ್ಕಿಂತ ಯಾವಾಗ ಬಿಡುವಿದೆ ಎಂಬುದನ್ನು ಹೇಳಿ. ಒಂದು ಗಂಟೆಗೆ ಊಟಕ್ಕೆ ಬರುತ್ತೇನೆ ಎಂದರೆ ಫೋನನ್ನು ಕೆಲಸದ ಕೋಣೆಯಲ್ಲೇ ಬಿಟ್ಟು ಬನ್ನಿ. ಕೆಲವು ವಾರ ಈ ಮಾತು ತಪ್ಪದೆ ನಡೆದರೆ, ನಡುನಡುವೆ ಬಾಗಿಲು ತಟ್ಟುವುದು ತಾನಾಗಿ ಕಡಿಮೆಯಾಗುತ್ತದೆ.

ಎಲ್ಲರನ್ನೂ ಒಂದೇ ಸಮನಾಗಿ ಉಳಿಸಿಕೊಳ್ಳಲು ಹೋಗಿ ಸೋಲಬೇಡಿ. ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅವರ ಲೆಕ್ಕದಲ್ಲಿ ಒಬ್ಬ ವ್ಯಕ್ತಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150, ಆದರೆ ಬೇರೆಯವರಿಗಾಗಿ ನಾವು ಕೊಡುವ ಸಮಯದ ಸುಮಾರು ಶೇ 40ರಷ್ಟು ತೀರ ಹತ್ತಿರದ ಐದು ಮಂದಿಗೇ ಸಲ್ಲುತ್ತದೆ. ನಿಮ್ಮ ಆ ಐದು ಹೆಸರುಗಳನ್ನು ಬರೆದುಕೊಂಡು, ಅವರಿಗೆ ವಾರದ ಒಂದೊಂದು ಹೊತ್ತನ್ನು ಮೀಸಲಿಡಿ. ಎಲ್ಲ ಗೆಳೆತನವೂ ಮಾತಿನಿಂದಲೇ ಉಳಿಯುವುದಿಲ್ಲ ಎಂಬುದನ್ನೂ ಗಮನಿಸಿ: ಜೊತೆಯಾಗಿ ಏನನ್ನಾದರೂ ಮಾಡುವುದರಲ್ಲೇ ಹತ್ತಿರವಾಗುವವರಿದ್ದಾರೆ. ಅಂಥವರೊಂದಿಗೆ ಆನ್‌ಲೈನಿನಲ್ಲಿ ಚದುರಂಗ ಆಡುವುದು, ಒಂದೇ ಪಂದ್ಯವನ್ನು ಅವರವರ ಮನೆಯಲ್ಲಿ ಕುಳಿತು ಒಟ್ಟಿಗೆ ನೋಡುವುದು ಹೆಚ್ಚು ಫಲಕೊಡುತ್ತದೆ. ಆಗಾಗ ಮುಖತಃ ಭೇಟಿಯಾಗುವುದಕ್ಕಂತೂ ಬದಲಿಯೇ ಇಲ್ಲ.

ವಾಟ್ಸ್‌ಆ್ಯಪ್ ಗುಂಪುಗಳನ್ನು ಒಡನಾಟವೆಂದು ಎಣಿಸದಿರುವುದು ಒಳ್ಳೆಯದು. ಶುಭೋದಯದ ಚಿತ್ರಕ್ಕೆ ಹೆಬ್ಬೆರಳು ಒತ್ತಿದ ಮಾತ್ರಕ್ಕೆ ಒಬ್ಬರ ಸ್ಥಿತಿಗತಿ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಅದೇ ಆ್ಯಪಿನ ಧ್ವನಿಸಂದೇಶ ಮಾತ್ರ ತುಂಬ ಉಪಯುಕ್ತ, ವಿಶೇಷವಾಗಿ ಹಗಲು ರಾತ್ರಿಗಳೇ ಬೇರೆಯಾದ ದೇಶಗಳಲ್ಲಿ ಇರುವವರಿಗೆ. ಒಂದೆರಡು ನಿಮಿಷ ಮಾತನಾಡಿ ಕಳಿಸಿದರೆ ಅವರು ತಮ್ಮ ಬೆಳಗಿನಲ್ಲಿ ಕೇಳಿಕೊಂಡು ಬಿಡುವಾದಾಗ ಉತ್ತರಿಸುತ್ತಾರೆ. ಹಳೆಯ ಸಹೋದ್ಯೋಗಿಗಳಿಗೂ ಆಗೊಮ್ಮೆ ಈಗೊಮ್ಮೆ ಒಂದು ಸಾಲು ಬರೆಯುತ್ತಿರಿ. ಜನರಿಗೆ ಹೊಸ ಉದ್ಯೋಗದ ಸುದ್ದಿ ಆಪ್ತರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಕಾಣುವ ಪರಿಚಿತರಿಂದ ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು.

ಕೊನೆಯದಾಗಿ, ಮಾತು ನಿಂತು ಬಹಳ ದಿನಗಳಾದವರ ಬಗ್ಗೆ. ಇಷ್ಟು ದಿನವಾದ ಮೇಲೆ ಈಗ ಹೇಗೆ ಎಂಬ ಸಂಕೋಚವೇ ಇಲ್ಲಿನ ದೊಡ್ಡ ಅಡ್ಡಿ. ನಾವಾಗಿಯೇ ಸಂಪರ್ಕಿಸಿದರೆ ಎದುರಿನವರಿಗೆ ಆಗುವ ಸಂತೋಷವನ್ನು ನಾವು ಸದಾ ಕಡಿಮೆಯಾಗಿಯೇ ಅಂದಾಜಿಸುತ್ತೇವೆ, ಅದರಲ್ಲೂ ಅವರು ನಿರೀಕ್ಷಿಸಿರದ ಸಂಪರ್ಕವಾಗಿದ್ದರೆ ಸಂತೋಷ ಇನ್ನೂ ಹೆಚ್ಚು ಎಂದು ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಹಲವು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಉದ್ದದ ಕ್ಷಮಾಪಣೆಯಿಂದ ಆರಂಭಿಸಬೇಡಿ. ಅದಕ್ಕೆ ಉತ್ತರಿಸುವುದೇ ಅವರಿಗೆ ಭಾರವಾಗುತ್ತದೆ. ಇಬ್ಬರಿಗೂ ನೆನಪಿರುವ ಯಾವುದಾದರೂ ಒಂದು ಸಂಗತಿಯನ್ನು ಒಂದೇ ಸಾಲಿನಲ್ಲಿ ಬರೆದು, ಶನಿವಾರ ಸಂಜೆ ಫೋನ್ ಮಾಡಲೇ ಎಂದು ಕೇಳಿ. ಉತ್ತರ ಬರದಿದ್ದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಕೇಳಿ, ಅವರೂ ಬಹುಶಃ ನಿಮ್ಮಂತೆಯೇ ದಿನವಿಡೀ ಪರದೆ ನೋಡಿ ದಣಿದಿರಬಹುದು.